ತೊಂಬತ್ತಕ್ಕೆ ನಡುಗುವ ಕಾರು ಮತ್ತು ಒಗುಯಾ

ಕಿಸಿಯಾನ್ ತಿರುವು ಇನ್ನೂ ಕೂಗಳತೆಯಲ್ಲಿರುವಾಗ ನನ್ನ ಕಾರಿನ ಮುಂದಿನ ಎಡಗಾಲಿಯ ಮುಚ್ಚಳ ಕಳಚಿಕೊಂಡು, ನನ್ನನ್ನೇ ಹಿಂದೆ ಹಾಕಿ, ರಸ್ತೆಯ ಅಂಚಿನಲ್ಲಿ ಗಂಭೀರವಾಗಿ ಉರುಳುತ್ತಾ ಮುಂದೆ ಹೋಯಿತು. ಸುಟ್ಟ ಜೋಳ ಮಾರುವ ಹೆಂಗಸರನ್ನು ದಾಟಿತು. ಬಾಡಿಗೆ ಸೈಕಲ್ಲಿನವರ ಸಾಲನ್ನು ದಾಟಿತು. ಕೊನೆಗೆ ಅತ್ತಿಮರದ ಕೆಳಗೆ ಕೂತು, ಜೋಳದ ತೆನೆಯಿಂದ ಹೆಬ್ಬೆರಳಲ್ಲಿ ಒಂದೊಂದೇ ಕಾಳು ಬಿಡಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದ ಒಬ್ಬ ಮುದುಕನ ಮೊಣಕಾಲಿಗೆ ತಗುಲಿ, ಎರಡು ಸುತ್ತು ತಿರುಗಿ, ಅವನ ಪಾದದ ಹತ್ತಿರ ಮಲಗಿಕೊಂಡಿತು.

ನಾನು ಕಾರು ನಿಲ್ಲಿಸಿ ಇಳಿದೆ. ಅಲ್ಲಿದ್ದ ಸೈಕಲ್ಲಿನವರಲ್ಲಿ ಅರ್ಧ ಜನ ಒಂದು ಕಾಲಕ್ಕೆ ನನ್ನ ಹತ್ತಿರ ಲೆಕ್ಕ ಕಲಿತವರು, ಅಂದರೆ ನನ್ನ ಹತ್ತಿರ ಏಟು ತಿಂದವರು.

"ಮೇಷ್ಟ್ರೇ, ಕಾರು ಕಂತಿನಲ್ಲಿ ಬರ್ತಾ ಇದೆಯಾ? ಮಿಕ್ಕಿದ್ದು ಯಾವಾಗ?"

"ಲೋ, ಸುಮ್ನಿರೋ. ಮುಂದೆ ಬಂದಿದ್ದು ಹೆಡ್ಮಾಷ್ಟ್ರು, ಹಿಂದೆ ಬಂದಿದ್ದು ಮೇಷ್ಟ್ರು!"

ಮುದುಕ ನಗಲಿಲ್ಲ. ಮುಚ್ಚಳ ಎತ್ತಿಕೊಂಡು, ಮಗುಚಿ, ಅದರ ಒಳಮೈಯನ್ನು ಬಂದ ಕಾಗದ ಓದುವ ಹಾಗೆ ನೋಡಿದ.

"ಒಳಗಡೆ ತುಂಬ ಚೆನ್ನಾಗಿ ತೊಳೆದಿದೀರಿ."

"ನಾನು ತೊಳೆದಿಲ್ಲ."

"ಹ್ಞೂಂ," ಅಂದ. "ಗಾಡಿ ನಡುಗುತ್ತಾ?"

"ಯಾವ ಗಾಡಿ ನಡುಗಲ್ಲ ಹೇಳಿ," ಅಂದೆ ನಾನು, ಕಾರಿನ ಒಡೆಯನಿಗೆ ತಕ್ಕ ಗತ್ತಿನಲ್ಲಿ.

ಮುದುಕ ಕಾರಿನ ಹಿಂದಿನ ಕಿಟಕಿಯ ಕಡೆ ನೋಡಿದ. "ಹಿಂದೆ ಮಲಗಿರೋರನ್ನ ಕೇಳಿದ್ರೆ ಬೇರೆ ಹೇಳ್ತಾರೇನೋ," ಅಂದು ಮುಚ್ಚಳವನ್ನು ನನ್ನ ಕೈಗಿತ್ತು, ಮತ್ತೆ ಜೋಳದ ಕಾಳಿಗೆ ತಿರುಗಿದ.

ಜಡೋಕ್ ಒಗುಯಾರನ್ನು ನಾನು ಮೊದಲು ನೋಡಿದ್ದು ಹೀಗೆ. ಅವತ್ತೇ ಅವರ ಮಾತು ಕೇಳಿದ್ದರೆ ಈ ಬರಹ ಅರ್ಧ ಪುಟದಲ್ಲಿ ಮುಗಿಯುತ್ತಿತ್ತು. ಆದರೆ ಮರದ ಕೆಳಗೆ ಕೂರುವವರ ಮಾತು ಕೇಳುವ ಅಭ್ಯಾಸ ನಮ್ಮ ಮೇಷ್ಟ್ರ ಜಾತಿಗೆ ಇಲ್ಲ.

ಹಿಂದೆ ಮಲಗಿದ್ದವಳು ನನ್ನ ಹೆಂಡತಿ ಪೆರೆಸ್. ಎಲ್ಡೊರೆಟ್ಟಿನ ಆಸ್ಪತ್ರೆಯಲ್ಲಿ ಅವಳ ಬೆನ್ನುಮೂಳೆಗೆ ಆಪರೇಷನ್ ಆಗಿ ಆರು ವಾರವಾಗಿತ್ತು. ಡಾಕ್ಟರು ಎರಡು ಸ್ಕ್ರೂ ಹಾಕಿ, ಮೇಲೆ ಒಂದು ಗಟ್ಟಿ ಬೆಲ್ಟು ಬಿಗಿದು, "ಬಗ್ಗಬೇಡಿ, ಭಾರ ಎತ್ತಬೇಡಿ, ಎರಡು ಗಂಟೆಗಿಂತ ಹೆಚ್ಚು ಕೂರಬೇಡಿ, ಮುಖ್ಯವಾಗಿ ಅಲುಗಾಡಬೇಡಿ," ಅಂದು ಕಳಿಸಿದ್ದರು. ಕಿಸುಮುವಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಮಿಷನ್ನು ಬಟ್ಟೆ ಹೊದ್ದುಕೊಂಡು ಕೂತಿತ್ತು. ಊರಿನ ಮೂರು ಶಾಲೆಯ ಮಕ್ಕಳ ಅಂಗಿ ಚಡ್ಡಿ ಅದರಿಂದಲೇ ಬರಬೇಕು. ಆ ಮಿಷನ್ನಿನ ಮುಂದೆ ಕೂರದ ಪೆರೆಸಳನ್ನು ನಾನು ಮದುವೆಯಾದಂದಿನಿಂದ ನೋಡಿರಲಿಲ್ಲ.

ನಾನು ಹಗಲೆಲ್ಲ ಶಾಲೆಯಲ್ಲಿ. ಅವಳನ್ನು ನೋಡಿಕೊಳ್ಳುವವರು ಯಾರು? ನಮ್ಮಲ್ಲಿ ಅತ್ತೆ ಅಳಿಯನ ಮನೆಯಲ್ಲಿ ರಾತ್ರಿ ತಂಗುವ ಹಾಗಿಲ್ಲ. ಹಾಗಾಗಿ ಪೆರೆಸ್ಸೇ ಸರೋವರದ ದಂಡೆಯ ಉಸೆಂಗೆಗೆ, ತವರಿಗೆ ಹೋದಳು. ಅಳಿಯನೂ ಅಲ್ಲಿ ತಂಗುವ ಹಾಗಿಲ್ಲವಲ್ಲ, ಆದ್ದರಿಂದ ಪ್ರತಿ ಶನಿವಾರ ಸಕ್ಕರೆ, ಸೋಪು, ಚಹಾಪುಡಿ ಹೇರಿಕೊಂಡು ಹೋಗಿ, ಊಟ ಮಾಡಿ, ಹೆಂಡತಿಯ ಮುಖ ನೋಡಿ, ಸಂಜೆಗೆ ವಾಪಸು ಬರುತ್ತಿದ್ದೆ.

ಮುಚ್ಚಳ ಕಳಚಿದ ಆ ಭಾನುವಾರ ಅವಳನ್ನು ತವರಿನಿಂದ ಕರೆತರುತ್ತಿದ್ದೆ. ಸೋಮವಾರ ಬೆಳಿಗ್ಗೆ ಎಲ್ಡೊರೆಟ್ಟಿನಲ್ಲಿ ತಪಾಸಣೆ. ಬೊಂಡೊ ದಾಟಿ ಒಳ್ಳೆಯ ರಸ್ತೆ ಸಿಕ್ಕ ಮೇಲೆ ಮುಳ್ಳು ತೊಂಬತ್ತಕ್ಕೆ ಬಂತೋ ಇಲ್ಲವೋ ಸ್ಟಿಯರಿಂಗು ಮಲೇರಿಯಾ ಬಂದ ಹಾಗೆ ನಡುಗತೊಡಗಿತು. ಪೆರೆಸ್ ಕರ್ಚೀಫು ಕಚ್ಚಿಕೊಂಡು ಮಲಗಿದ್ದಳು. ಮಾರನೆಯ ದಿನ ಎಲ್ಡೊರೆಟ್ಟಿನ ದಾರಿಯಲ್ಲೂ ಅದೇ ಕಥೆ. ನಿಧಾನಕ್ಕೆ ಹೋಗಬಾರದಿತ್ತಾ ಅಂತ ನೀವು ಕೇಳಬಹುದು. ನಿಧಾನಕ್ಕೆ ಹೋದರೆ ಡಾಕ್ಟರು ಹೇಳಿದ ಎರಡು ಗಂಟೆ ಮೂರೂವರೆಯಾಗುತ್ತದೆ. ಮಟಾಟು ಹತ್ತಿಸಬಾರದಿತ್ತಾ? ಹದಿನಾಲ್ಕು ಸೀಟಿಗೆ ಇಪ್ಪತ್ತೆರಡು ಜನ ಕೂರುವ ಆ ವ್ಯಾನಿನಲ್ಲಿ ಗಟ್ಟಿ ಬೆನ್ನಿನವರೇ ಮುರಿದುಹೋಗುತ್ತಾರೆ.

ಡಾಕ್ಟರು ಬೆನ್ನು ಮುಟ್ಟಿ ನೋಡಿ, "ಏನ್ರೀ, ಇವರನ್ನ ಯಾವುದರಲ್ಲಿ ಕರಕೊಂಡು ಬಂದ್ರಿ? ಹಿಟ್ಟಿನ ಗಿರಣೀಲಾ?" ಅಂದರು. ಬೆಲ್ಟು ಇನ್ನೂ ಆರು ವಾರ ಇರಲಿ ಅಂದರು. "ಮುಂದಿನ ಸಲಾನೂ ಹೀಗೆ ಕುಲುಕಿಸಿಕೊಂಡು ಬಂದ್ರೆ ನಾನು ಹಾಕಿರೋ ಸ್ಕ್ರೂಗೆ ನಾನು ಜವಾಬ್ದಾರ ಅಲ್ಲ."

ಹೊರಗೆ ಬಂದ ಮೇಲೆ ಪೆರೆಸ್ ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. "ಮುಂದಿನ ಸಲ ನಾನು ಈ ಗಾಡಿ ಹತ್ತಲ್ಲ," ಅಂದಳು ಮೆತ್ತಗೆ. "ಬೆನ್ನು ಹೇಗಿದೆಯೋ ಹಾಗೇ ಇರ್ಲಿ. ಮಿಷನ್ನು ಯಾರಿಗಾದ್ರೂ ಕೊಟ್ಬಿಡಿ."

ಆರು ವಾರ. ಆರು ವಾರದೊಳಗೆ ಆ ನಡುಕ ಹೋಗಬೇಕಿತ್ತು.

ಅವಳನ್ನು ಮತ್ತೆ ತವರಿಗೆ ಬಿಟ್ಟು ಬಂದು, ಮೊದಲ ಮೂರು ವಾರ ನಾನು ಕಿಸುಮುವಿನ ತಗಡಿನ ಸೂರಿರುವ ಎಲ್ಲ ಗ್ಯಾರೇಜುಗಳಿಗೂ ಹೋದೆ. ಒಬ್ಬ ಶಾಕ್ ಅಬ್ಸಾರ್ಬರು ಬದಲಾಯಿಸಿದ. ಇನ್ನೊಬ್ಬ ಸ್ಟಿಯರಿಂಗಿನ ರಾಡು ಬದಲಾಯಿಸಿ, ಹಿಂದಿನವನ ಕೆಲಸ ನೋಡಿ "ಯಾರು ಸಾರ್ ಆ ಕಟುಕ?" ಅಂತ ಕೇಳಿದ. ಮೂರನೆಯವನು ಎಂಜಿನ್ನಿನ ಕೆಳಗಿನ ರಬ್ಬರು ಬದಲಾಯಿಸಿ ಎರಡನೆಯವನ ಬಗ್ಗೆ ಅದೇ ಪ್ರಶ್ನೆ ಕೇಳಿದ. ನಾಲ್ಕನೆಯವನು ಗಾಲಿಗಳನ್ನು ಮಿಷನ್ನಿಗೆ ಹಾಕಿ ಬ್ಯಾಲೆನ್ಸ್ ಮಾಡಿದ. ಅದಾದ ಮೇಲೆ ಕಾರು ಹಾಲು ಹರಿದ ಹಾಗೆ ಓಡಿತು. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿದೆ. ಸೋಮವಾರ ನೋಡಿದರೆ ಮತ್ತೆ ನಡುಕ. ಐದನೆಯವನು ಬಾನೆಟ್ಟಿನ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದ. ಸತ್ಯ ಹೇಳಬೇಕೆಂದರೆ ಅವನದೂ ಉಳಿದವರಷ್ಟೇ ಕೆಲಸ ಮಾಡಿತು.

ನಾಲ್ಕನೆಯ ಸೋಮವಾರ ಬಾಲ ಮುದುರಿಕೊಂಡು ಕಿಸಿಯಾನ್ ತಿರುವಿನ ಅತ್ತಿಮರದ ಕೆಳಗೆ ಹೋಗಿ ನಿಂತೆ.

"ಬನ್ನಿ ಮೇಷ್ಟ್ರೆ," ಅಂದರು ಒಗುಯಾ. "ಮುಚ್ಚಳ ಕ್ಷೇಮವಾ?"

ಒಗುಯಾ ಹುಟ್ಟಿದ್ದು ಸರೋವರದ ದಂಡೆಯಲ್ಲೇ, ಮೀನುಗಾರನ ಮಗನಾಗಿ. ಆದರೆ ದೋಣಿ ಹತ್ತಿದ ತಕ್ಷಣ ಅವರಿಗೆ ವಾಂತಿ. ಹನ್ನೊಂದು ವರ್ಷ ಅಪ್ಪ ಕಾದ. ಮಗನ ಹೊಟ್ಟೆ ನೀರಿಗೆ ಒಗ್ಗಲೇ ಇಲ್ಲ. "ಮೀನು ನಮ್ಮನ್ನ ಸಾಕಬೇಕಾ, ನಾವು ಮೀನನ್ನ ಸಾಕಬೇಕಾ?" ಅಂದು ಅಪ್ಪ ಅವರನ್ನು ದಡದಲ್ಲೇ ಬಿಟ್ಟು ಬಲೆ ಹೆಣೆಯಲು, ಸೀಸ ಕರಗಿಸಲು ಹಚ್ಚಿದ. ದೊಡ್ಡವರಾದ ಮೇಲೆ ಕಿಸುಮುವಿನ ರೈಲ್ವೆ ಷೆಡ್ಡಿಗೆ ಸೇರಿದರು. ಇಪ್ಪತ್ತೇಳು ವರ್ಷ ಅವರ ಕೆಲಸ ಒಂದೇ: ನಿಂತ ಗಾಡಿಯ ಉದ್ದಕ್ಕೂ ನಡೆಯುತ್ತಾ ಉದ್ದನೆಯ ಸುತ್ತಿಗೆಯಿಂದ ಒಂದೊಂದು ಗಾಲಿಯನ್ನೂ ಬಡಿದು ಸದ್ದು ಕೇಳುವುದು. ಗಟ್ಟಿ ಗಾಲಿ ಗಂಟೆಯ ಹಾಗೆ ನುಡಿಯುತ್ತದೆ, ಬಿರುಕು ಬಿಟ್ಟದ್ದು ಒಡೆದ ಮಡಕೆಯ ಹಾಗೆ. ರೈಲು ಕಡಿಮೆಯಾಗುತ್ತಾ ಬಂದು ಒಂದು ದಿನ ಬಡಿಯಲು ಗಾಲಿಯೇ ಇಲ್ಲದಾಗ, ಸುತ್ತಿಗೆ ಹಿಡಿದುಕೊಂಡು ಈ ಮರದ ಕೆಳಗೆ ಬಂದು ಕೂತರು. ಎರಡು ಬೇರಿಂಗಿನ ಮೇಲೆ ಒಂದು ಅಚ್ಚು, ಒಂದು ಡಬ್ಬಿ ತುಂಬ ಸೀಸದ ಚೂರು, ಒಂದು ಬೆಂಚು. ಅಷ್ಟೇ ಗ್ಯಾರೇಜು.

ಅವರಿಗೆ ಕಾರು ಓಡಿಸಲು ಬರುವುದಿಲ್ಲ ಎಂದು ತಿಳಿದದ್ದು ಕೀಲಿಕೈ ಚಾಚಿದಾಗ.

"ನೀವೇ ಓಡಿಸಿ. ನನಗೆ ಬರಲ್ಲ."

"ಬರಲ್ವಾ! ಮತ್ತೆ ರಿಪೇರಿ?"

"ಸೂಲಗಿತ್ತಿಯರೆಲ್ಲ ಗರ್ಭಿಣಿಯಾಗಿರಬೇಕಾ ಮೇಷ್ಟ್ರೆ?"

ಪಕ್ಕದಲ್ಲಿ ಕೂತು ಮೊದಲು ಚಪ್ಪಲಿ ಬಿಚ್ಚಿ ಬರಿಗಾಲನ್ನು ಕಾರಿನ ತಳಕ್ಕೆ ಊರಿದರು. ಆಮೇಲೆ ಜೇಬಿನಿಂದ ಒಂದು ಗಂಟು ತೆಗೆದು ಬಿಚ್ಚಿದರು. ಒಳಗೆ ಆರು ಹಲ್ಲು. ನಮ್ಮ ಹಿಂದಿನ ತಲೆಮಾರಿನ ಹುಡುಗರಿಗೆ ಕೆಳದವಡೆಯ ಆರು ಮುಂಬಲ್ಲು ಕಿತ್ತು ದೊಡ್ಡವರನ್ನಾಗಿ ಮಾಡುತ್ತಿದ್ದರಲ್ಲ, ಒಗುಯಾರಿಗೂ ಮಾಡಿದ್ದರು. ರೈಲ್ವೆ ಆಸ್ಪತ್ರೆಯ ದಂತವೈದ್ಯರು ಪುಕ್ಕಟೆಯಾಗಿ ಹೊಸ ಆರು ಕಟ್ಟಿಕೊಟ್ಟಿದ್ದರು. ಅದು ಸಡಿಲ. ತಿನ್ನಲು ಆಗುವುದಿಲ್ಲ, ಮಾತಾಡಲು ಆಗುವುದಿಲ್ಲ.

"ಮತ್ತೆ ಯಾಕೆ ಹಾಕ್ಕೋತೀರಿ?"

"ಗಾಡಿ ನೋಡೋಕೆ," ಅಂದು ಹಾಕಿಕೊಂಡರು.

ಎಪ್ಪತ್ತಕ್ಕೆ ಹಲ್ಲು ಸುಮ್ಮನಿತ್ತು. ಎಂಬತ್ತೈದಕ್ಕೆ ಸಣ್ಣಗೆ ಕಿಟಿಕಿಟಿ ಅಂದಿತು. ತೊಂಬತ್ತೈದಕ್ಕೆ ತಗಡಿನ ಮೇಲೆ ಹುರುಳಿ ಸುರಿದ ಹಾಗೆ ಕಟಕಟಕಟ! ನೂರ ಹತ್ತಕ್ಕೆ ಮತ್ತೆ ತಣ್ಣಗಾಯಿತು. ಒಗುಯಾ ಕೈಸನ್ನೆ ಮಾಡಿದರು, ಆಕ್ಸಿಲರೇಟರಿಂದ ಕಾಲು ತೆಗಿ ಅಂತ. ತೆಗೆದೆ. ಹಲ್ಲು ಕಟಕಟ. ಗೇರು ಬಿಡಿಸು. ಬಿಡಿಸಿದೆ. ಕಟಕಟ. ಬ್ರೇಕು ಒತ್ತು. ಒತ್ತಿದೆ. ಕಟಕಟ ಹೆಚ್ಚೂ ಆಗಲಿಲ್ಲ, ಕಮ್ಮಿಯೂ ಆಗಲಿಲ್ಲ. ಹಲ್ಲು ತೆಗೆದು, ಒರೆಸಿ, ಗಂಟು ಕಟ್ಟಿ ಜೇಬಿಗಿಟ್ಟರು.

"ಎಂಜಿನ್ನಲ್ಲ. ಗೇರು ಬಿಡಿಸಿದ್ರೂ ನಿಲ್ಲಲಿಲ್ಲ. ಬ್ರೇಕಲ್ಲ. ಗಾಲೀದು. ಸ್ಟಿಯರಿಂಗು ಕುಣಿದ್ರೆ ಮುಂದಿನ ಗಾಲಿ, ಸೀಟು ಕುಣಿದ್ರೆ ಹಿಂದಿನ ಗಾಲಿ."

"ನನಗೆ ಎರಡೂ ಕುಣೀತಾ ಇದೆ."

"ನಾಲ್ಕೂ ಹೋಗಿದೆ ಹಾಗಾದ್ರೆ. ಇಲ್ಲಾ ಓಡಿಸೋರು ಹೆದರಿದಾರೆ."

ಮರದ ಕೆಳಗೆ ನಾಲ್ಕೂ ಗಾಲಿ ಬಿಚ್ಚಿ ಒಂದೊಂದಾಗಿ ಅಚ್ಚಿಗೆ ಸಿಕ್ಕಿಸಿ ತಿರುಗಿಸಿದರು. ಭಾರದ ಕಡೆ ತಾನಾಗಿ ಕೆಳಗೆ ಬಂದು ನಿಲ್ಲುತ್ತದೆ. ಅದರ ಎದುರು ಅಂಚಿಗೆ ಒಂದು ಸೀಸದ ಚೂರು ಬಡಿದು ಸಮ ಮಾಡುವುದು. ಸಂಜೆಯ ಹೊತ್ತಿಗೆ ಗಾಲಿಗಳು ಎಲ್ಲಿ ಬಿಟ್ಟರೆ ಅಲ್ಲಿ ನಿಂತವು. ಕಾರು ನೂರರಲ್ಲಿ ಬೆಕ್ಕಿನ ಹಾಗೆ ಹೋಯಿತು. ಐದು ದಿನ ಹೀಗೇ ಹೋಯಿತು. ಶನಿವಾರ ಉಸೆಂಗೆಗೆ ಹೋಗಿ ಬಂದೆ. ಸೋಮವಾರ ಮತ್ತೆ ಅತ್ತಿಮರದ ಕೆಳಗೆ ನಿಂತಿದ್ದೆ. ಈ ಸಲ ಸಿಟ್ಟಿನಲ್ಲಿ.

"ಯಜಮಾನ್ರೇ, ನಿಮ್ಮ ಸೀಸಾನೂ ನಿಲ್ಲಲಿಲ್ಲ! ಉಸೆಂಗೆಗೆ, ಅತ್ತೆ ಮನೆಗೆ ಹೋಗಿ ಬರೋಷ್ಟರಲ್ಲಿ ಮತ್ತೆ ನಡುಕ!"

ಒಗುಯಾ ಕೂತಲ್ಲಿಂದ ಏಳಲಿಲ್ಲ. "ಹೋಗುವಾಗ ನಡುಗಿತಾ, ಬರುವಾಗ ನಡುಗಿತಾ?"

"ಅಂದ್ರೆ?"

"ಅತ್ತೆ ಮನೆಗೆ ಹೋಗುವಾಗಲೋ, ಅಲ್ಲಿಂದ ಬರುವಾಗಲೋ?"

ಹದಿನೆಂಟು ವರ್ಷದಿಂದ ಮಕ್ಕಳಿಗೆ 'ದತ್ತ ಏನು, ಸಾಧಿಸಬೇಕಾದ್ದು ಏನು, ಮೊದಲು ಬರೆದುಕೋ' ಅಂತ ಬಡಿದುಕೊಂಡವನು ನಾನು. ಆ ಪ್ರಶ್ನೆ ನನಗೆ ಒಂದು ಸಲವೂ ಹೊಳೆದಿರಲಿಲ್ಲ. ಯೋಚಿಸಿದೆ. ಹೋಗುವಾಗ ರೇಡಿಯೋ ಹಾಕಿಕೊಂಡು ಹಾಡುತ್ತಾ ಹೋಗಿದ್ದೆ. ಬರುವಾಗ ರೇಡಿಯೋ ತಾನೇ ಸ್ಟೇಷನ್ನು ಬದಲಾಯಿಸಿಕೊಳ್ಳುತ್ತಿತ್ತು.

"ಬರುವಾಗ."

"ಪ್ರತಿ ಸಲಾನೂ?"

ಮತ್ತೆ ಯೋಚಿಸಿದೆ. "ಸರಿಹೋಗಿ ಮತ್ತೆ ಕೆಟ್ಟಿದ್ದು ಪ್ರತಿ ಸಲಾನೂ ಬರುವಾಗಲೇ."

ಒಗುಯಾ ಎದ್ದು ನಾಲ್ಕೂ ಮುಚ್ಚಳ ಬಿಚ್ಚಿ ಬೆಂಚಿನ ಮೇಲೆ ಮಗುಚಿಟ್ಟರು. ನಾಲ್ಕರ ಒಳಮೈಯೂ ಬೆಳ್ಳಗೆ ಹೊಳೆಯುತ್ತಿತ್ತು. ಗಾಲಿಯ ಅಂಚಿನಲ್ಲಿ ಅವರು ಬಡಿದಿದ್ದ ಸೀಸ ಒಂದೂ ಇರಲಿಲ್ಲ. ಅದಿದ್ದ ಜಾಗದಲ್ಲಿ ಚಾಕುವಿನ ತುದಿಯ ಸಣ್ಣ ಗೀರು.

"ಕಳ್ಳತನ!" ಅಂದೆ.

"ಕಳ್ಳ ಮುಚ್ಚಳ ತೊಳೆದು ಇಡ್ತಾನಾ ಮೇಷ್ಟ್ರೆ? ಬೂದಿ ಹಾಕಿ ಉಜ್ಜಿದಾರೆ, ನೋಡಿ. ಇದು ಮನೆಗೆ ಬಂದೋರ ಪಾತ್ರೆ ತೊಳೆಯೋ ಕೈ." ಮುಚ್ಚಳಗಳನ್ನು ಒಂದರ ಮೇಲೊಂದು ಜೋಡಿಸಿದರು. "ಶನಿವಾರ ನಾನೂ ಬರ್ತೀನಿ. ನನ್ನನ್ನ ಯಾರು ಅಂತ ಕೇಳಿದ್ರೆ ಚಿಕ್ಕಪ್ಪ ಅನ್ನಿ. ಈ ಕಡೆ ಎಲ್ರಿಗೂ ಒಬ್ಬ ಹೆಚ್ಚಿನ ಚಿಕ್ಕಪ್ಪ ಇರ್ತಾನೆ, ಯಾರೂ ಲೆಕ್ಕ ಇಡಲ್ಲ."

ನಮ್ಮ ಕಡೆಯ ಅಳಿಯ ಅತ್ತೆಮನೆಯಲ್ಲಿ ಹೇಗಿರಬೇಕು ಎನ್ನುವುದನ್ನು ಸ್ವಲ್ಪ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅವನು ಒಳಗೆ ಹೋಗಿ ತೋರಿಸಿದ ಕುರ್ಚಿಯಲ್ಲಿ ಕೂರಬೇಕು, ಏಳೆಂದಾಗ ಏಳಬೇಕು. ಅಂಗಳದಲ್ಲಿ ಅಡ್ಡಾಡಬಾರದು. ಅತ್ತೆಯ ಮುಖವನ್ನು ನೇರ ನೋಡಬಾರದು, ಅವರ ಜೊತೆ ನೇರ ಮಾತಾಡಬಾರದು. ಏನಿದ್ದರೂ ನಡುವೆ ಒಬ್ಬರು ಬೇಕು. ನಮ್ಮಲ್ಲಿ ಆ ನಡುವಿನವರು ನಮ್ಮ ಮಾವ ಕಡೆಗಾಲದಲ್ಲಿ ಮದುವೆಯಾದ ಚಿಕ್ಕತ್ತೆ. ಮಾವ ತೀರಿಕೊಂಡ ಮೇಲೆ ಇಬ್ಬರು ಸವತಿಯರೂ ಸೇರಿ ಒಂದು ದೋಣಿ, ಒಂದು ಬಲೆ ಇಟ್ಟುಕೊಂಡು ಬೆಳ್ಳಿ ಸೂಜಿಯಂಥ ಓಮೆನಾ ಮೀನಿನ ವ್ಯಾಪಾರ ಮಾಡುತ್ತಿದ್ದರು. ಒಟ್ಟಿನಲ್ಲಿ ಎರಡು ಗಂಟೆ ಹೊತ್ತು ಅಳಿಯ ಎಂದರೆ ಗೋಡೆಗೆ ಮುಖ ಮಾಡಿ ಕೂರಿಸಿದ ಪೆಟ್ಟಿಗೆ. ಅಷ್ಟು ಹೊತ್ತಿನಲ್ಲಿ ಹೊರಗೆ ಅವನ ಕಾರನ್ನು ಯಾರಾದರೂ ಬಿಡಿಬಿಡಿಯಾಗಿ ಹೊತ್ತುಕೊಂಡು ಹೋದರೂ ಅವನಿಗೆ ತಿಳಿಯುವುದಿಲ್ಲ.

ಆ ಶನಿವಾರ ಪೆಟ್ಟಿಗೆಯ ಮುಂದೆ ಕೋಳಿಯ ಕಲ್ಲುಗುಂಡಿಗೆ, ಅಂದರೆ ಅದು ನುಂಗಿದ ಕಾಳು ಅರೆಯುವ ಗಟ್ಟಿ ಚೀಲ, ಬಂತು. ಅದು ಅಳಿಯನಿಗೆ ಕೊಡುವ ದೊಡ್ಡ ಮರ್ಯಾದೆ. ಒಳಕೋಣೆಯಲ್ಲಿ ಪೆರೆಸ್ ಮಲಗಿ ನಿದ್ದೆ ಹೋಗಿದ್ದಳು. ನನ್ನ ಬೆನ್ನಿಗೆ ಕಿಟಕಿ. ಕಿಟಕಿಯ ಆಚೆ ಮಾವಿನ ಮರದ ಕೆಳಗೆ ಕಾರು, ಕಾರಿನ ಪಕ್ಕ ಬಲೆ ಹರಡಿಕೊಂಡ ಅತ್ತೆ, ಅತ್ತೆಯ ಎದುರು ಮಣೆಯ ಮೇಲೆ ನನ್ನ ಹೊಸ ಚಿಕ್ಕಪ್ಪ.

"ಬಲೆ ನಿಂದೇನಾ ತಂಗಿ?"

"ನಮ್ಮಿಬ್ರದೂ ಅಣ್ಣಾ."

"ಚೆನ್ನಾಗಿ ಮುಳುಗುತ್ತಾ?"

"ಮುಳುಗೋದೇನೋ ಮುಳುಗುತ್ತೆ. ಒಂದು ಕಡೆ ಈಗ, ಇನ್ನೊಂದು ಕಡೆ ನಾಳೆ! ಕುಡುಕನ ಪಂಚೆ ಜಾರಿದ ಹಾಗೆ. ಆ ಸಂದೀಲಿ ಮೀನೆಲ್ಲ ನಕ್ಕೊಂಡು ಆಚೆ ಹೋಗ್ತವೆ."

"ಸೀಸ ಎಲ್ಲೀದು?"

"ಇದಾ?" ಅತ್ತೆಯ ದನಿ ಒಂದು ಮೆಟ್ಟಲು ಮೇಲೇರಿತು. "ಇದು ನಮ್ಮ ಅಳಿಯಂದ್ರು ಕೊಟ್ಟಿದ್ದು!"

ಕೋಳಿಯ ಕಲ್ಲುಗುಂಡಿಗೆ ನನ್ನ ಗಂಟಲಲ್ಲಿ ನಿಂತಿತು.

"ಕೈಯಾರೆ ಕೊಟ್ರಾ?"

"ಅಯ್ಯೋ, ಅಳಿಯ ಎಲ್ಲಾದ್ರೂ ಕೈಯಾರೆ ಕೊಡ್ತಾನಾ ಅಣ್ಣಾ? ಒಂದಿನ ಗಾಲಿ ಅಂಚಲ್ಲಿ ಸೀಸದ ಚೂರು ಕಾಣಿಸ್ತು. ಚಿಕ್ಕವಳ ಕೈಲಿ ಕೇಳಿಸ್ದೆ, ಅದು ನಿಮಗೆ ಬೇಕಾ ಅಂತ. ಏನು ಹೇಳಿ ಕಳಿಸಿದ್ರು ಗೊತ್ತಾ? 'ನನ್ನ ಕಾರಲ್ಲಿರೋದೆಲ್ಲ ಅಮ್ಮನದೇ, ಕೇಳೋದೇನಿದೆ!' ಅಂತ. ಇಡೀ ಉಸೆಂಗೆಗೆ ಹೇಳ್ಕೊಂಡು ಬಂದಿದೀನಿ. ಅಲ್ಲಿಗೂ ಮುಗೀಲಿಲ್ಲ. ನಾನು ತೆಗೆದ್ರೆ ಮುಂದಿನ ವಾರ ಹೊಸದು ಹಾಕಿಸ್ಕೊಂಡು ಬಂದಿರ್ತಾರೆ! ಬಾಯಿಬಿಟ್ಟು ಒಂದು ಮಾತು ಹೇಳಿಕೊಳ್ಳಲ್ಲ. ನಾನೂ ಸುಮ್ನೆ ತಗೋಬಾರ್ದು ಅಂತ ಮುಚ್ಚಳ ಬೆಳಗಿ ಹಾಕ್ತೀನಿ."

ನೆನಪಾಯಿತು. ಪೆರೆಸ್ ತವರಿಗೆ ಬಂದ ಮೊದಲ ವಾರಗಳಲ್ಲಿ ಒಂದು ದಿನ. ಬಾಯಲ್ಲಿ ಮೀನು, ಚಿಕ್ಕತ್ತೆ ಬಾಗಿಲಲ್ಲಿ ನಿಂತು ಏನೋ ಗಾಲಿ, ಏನೋ ಸೀಸ ಅಂದಿದ್ದರು. ಗಾಲಿಯ ಮೇಲೆ ಸೀಸ ಯಾಕಿರುತ್ತದೆ ಎನ್ನುವುದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವುದು ಮೇಷ್ಟ್ರಿಗೆ ಅವಮಾನ. ಬೇಕು ಅನ್ನುವುದು ಅಳಿಯನಿಗೆ ಅವಮಾನ. ಎರಡರಿಂದಲೂ ತಪ್ಪಿಸಿಕೊಳ್ಳಲು ಆ ಭಾರಿ ಮಾತು ಆಡಿದ್ದೆ. ಆಡಿದ ಮೇಲೆ ನನಗೇ ಅದು ಎಷ್ಟು ಚೆನ್ನಾಗಿ ಕೇಳಿಸಿತ್ತೆಂದರೆ ಇನ್ನೊಂದು ತುಂಡು ಮೀನು ಹಾಕಿಸಿಕೊಂಡಿದ್ದೆ.

ಅಂದರೆ ನನ್ನ ಹೆಂಡತಿಯ ಬೆನ್ನನ್ನು ಎಲ್ಡೊರೆಟ್ಟಿನವರೆಗೆ ಕುಲುಕಿಸಿದ್ದು ಶಾಕ್ ಅಬ್ಸಾರ್ಬರಲ್ಲ, ನನ್ನ ನಾಲಿಗೆ.

ಈಗ ಒಗುಯಾ ಹೇಳಿಬಿಡುತ್ತಾರೆ ಅಂದುಕೊಂಡೆ. 'ತಂಗಿ, ನೀನು ತೆಗೆದ ಸೀಸದಿಂದ ನಿನ್ನ ಮಗಳ ಬೆನ್ನು ನೋಯ್ತಿದೆ' ಅಂತ. ಮಗಳಿಗೆ ದಿನಾ ಮೀನಿನ ಸಾರು ಕುಡಿಸಿ, ಕೂದಲು ಬಾಚಿ, ಪಕ್ಕದಲ್ಲೇ ಚಾಪೆ ಹಾಸಿ ಮಲಗುವ ಹೆಂಗಸು ಅದು. ಎದ್ದು ಓಡಿಹೋಗಿ ತಡೆಯೋಣವೆಂದರೆ ಅಳಿಯ ಏಳುವ ಹಾಗಿಲ್ಲ. ಕಲ್ಲುಗುಂಡಿಗೆ ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ.

"ಅಂಥ ಅಳಿಯ ಸಿಗೋದು ಕಷ್ಟ ತಂಗಿ," ಅಂದರು ಒಗುಯಾ. "ಆದ್ರೆ ಅವರಿಗೆ ಬಲೆ ವಿಷಯ ಏನು ಗೊತ್ತು? ಪುಸ್ತಕ ಓದಿದೋರು. ಇಲ್ಲಿ ನೋಡು, ಈ ಚೂರು ಈ ಕೈಲಿ ಹಿಡಿ. ಇದು ಆ ಕೈಲಿ. ಯಾವುದು ಭಾರ?"

"...ಇದು."

"ಗಾಲಿ ಸೀಸ ಒಂದೊಂದು ಒಂದೊಂದು ತೂಕ. ಬಲೆಗೆ ಎಲ್ಲಾ ಒಂದೇ ತೂಕ ಬೇಕು. ನಿನ್ನ ಬಲೆ ಓರೆ ಮುಳುಗೋದು ಇದಕ್ಕೇ."

ಸೀಸದ ಚೂರುಗಳು ಅಂಗೈಯಿಂದ ಅಂಗೈಗೆ ಬೀಳುವ ಸದ್ದು ಕೇಳಿಸಿತು.

"ಅಯ್ಯಯ್ಯೋ," ಅಂದರು ಅತ್ತೆ. "ನಾನು ಚಿಕ್ಕವಳನ್ನ ಬೈಕೊಂಡು ಬಂದೆನಲ್ಲಾ, ಎಳೆಯೋಕೆ ಬರಲ್ಲ ಅಂತ!"

"ಬೈದಿದ್ದಿರ್ಲಿ, ಮುಂದಕ್ಕಾಗುತ್ತೆ," ಅಂದರು ಒಗುಯಾ. "ಮುಂದಿನ ವಾರ ನಾನೇ ಎರಕ ಹೊಯ್ದು ತಂದುಕೊಡ್ತೀನಿ. ನಮ್ಮಪ್ಪ ಕಲಿಸಿದ್ದು, ಒಂದೇ ಸಮ. ಇದನ್ನೆಲ್ಲ ಬಿಚ್ಚಿ ಒಂದು ಕಡೆ ಇಟ್ಟಿರು. ಅಳಿಯನ ಕಾರಿಂದ ಇನ್ನು ತೆಗೀಬೇಡ. ತೆಗೆದಷ್ಟೂ ಬಲೆ ಕೆಡುತ್ತೆ."

"ಅವರಿಗೆ ಬೇಜಾರಾಗಲ್ವಾ ಅಣ್ಣಾ? ಅಷ್ಟು ಪ್ರೀತಿಯಿಂದ ತರ್ತಾರೆ..."

"ನಾನು ಹೇಳ್ತೀನಿ. ತಡ್ಕೋತಾರೆ."

ಸೋಮವಾರ ಒಗುಯಾ ಮತ್ತೆ ಬಡಿದಿದ್ದ ಸೀಸ ಈ ಸಲ ಗಾಲಿಯಲ್ಲೇ ಉಳಿದಿತ್ತು, ವಾಪಸು ಬರುವಾಗ ಕಾರು ನಡುಗಲಿಲ್ಲ. ಬೊಂಡೊ ದಾಟಿದೆವು. ಆಮೇಲೆ ನಾನೇ ಕೇಳಿದೆ, "ಇದ್ದದ್ದನ್ನ ಇದ್ದ ಹಾಗೆ ಯಾಕೆ ಹೇಳಲಿಲ್ಲ ಯಜಮಾನ್ರೇ?"

"ಹೇಳಿದ್ರೆ ಗಾಡಿ ಸರಿಹೋಗ್ತಿತ್ತು. ಆ ಹೆಂಗಸು ಸರಿಹೋಗ್ತಿರ್ಲಿಲ್ಲ," ಅಂದರು. ಅಂದು, ಕಾಲು ಚಾಚಿ ನಿದ್ದೆ ಹೋದರು.

ಆ ವಾರ ಶಾಲೆ ಬಿಟ್ಟ ಮೇಲೆ ಎರಡು ದಿನ ನಾನು ಅತ್ತಿಮರದ ಕೆಳಗೆ ಹೋಗಿ ಅವರು ಎರಕ ಹೊಯ್ಯುವುದನ್ನು ನೋಡಿದೆ. ರೈಲ್ವೆ ಕ್ವಾರ್ಟರ್ಸಿನ ಹಳೆಯ ನೀರಿನ ಪೈಪಿನ ಸೀಸ. ಒದ್ದೆ ಮರಳಿನಲ್ಲಿ ಬೆರಳಿನಿಂದ ಗುಳಿ ಮಾಡಿ, ನಡುವೆ ದಾರಕ್ಕೊಂದು ಕಡ್ಡಿ ನೆಟ್ಟು, ಕರಗಿದ ಸೀಸ ಹೊಯ್ಯುತ್ತಿದ್ದರು. ತಣ್ಣಗಾದ ಮೇಲೆ ಒಂದೊಂದನ್ನೂ ಅಂಗೈಯಲ್ಲಿ ತೂಗಿ, ಒಂದಿಷ್ಟು ಹೆಚ್ಚು ಕಮ್ಮಿ ಅನ್ನಿಸಿದರೂ ಮತ್ತೆ ಕುಲುಮೆಗೆ. ನನ್ನ ಕಣ್ಣಿಗೆ ಎಲ್ಲ ಒಂದೇ. "ಇದು ಸರಿಯಾಗೇ ಇದೆಯಲ್ಲ?" ಅಂದರೆ, "ನಿಮ್ಮ ಹುಡುಗರ ಉತ್ತರಾನೂ ಹೀಗೇ ತಿದ್ತೀರಾ?" ಅನ್ನುತ್ತಿದ್ದರು. ಒಟ್ಟು ಅರವತ್ತು ಗುಂಡು. ಈ ಕೆಲಸ ಮಾಡಿಕೊಡಿ ಎಂದು ಅವರನ್ನು ಯಾರೂ ಕೇಳಿರಲಿಲ್ಲ ಅನ್ನುವುದು ಮನೆಗೆ ಹೋಗಿ ಮಲಗಿದ ಮೇಲೆ ನನಗೆ ಹೊಳೆಯಿತು. ನನ್ನ ಕಾರಿನ ಕೆಲಸ ಅವರದು. ನನ್ನ ಅತ್ತೆಯ ಬಲೆ, ಅತ್ತೆಯ ಮನಸ್ಸು, ನನ್ನ ಮಾನ, ಇವು ಯಾವುವೂ ಅವರ ಬೆಂಚಿಗೆ ಬಂದಿರಲಿಲ್ಲ. ಅವರಾಗಿಯೇ ಎತ್ತಿಕೊಂಡು ಸಮ ಮಾಡುತ್ತಿದ್ದರು.

ಆ ಭಾನುವಾರ ಪೆರೆಸಳನ್ನು ಕರೆತರಲು ಹೋದಾಗ ಒಗುಯಾರೂ ಗೋಣಿಚೀಲದೊಂದಿಗೆ ಬಂದರು. ನಾನು ಯಥಾಪ್ರಕಾರ ಕುರ್ಚಿಯ ಮೇಲೆ, ಗೋಡೆಗೆ ಮುಖ ಮಾಡಿ. ಹೊರಗೆ ಗುಂಡುಗಳು ಚಾಪೆಯ ಮೇಲೆ ಸುರಿದ ಸದ್ದು, ಅತ್ತೆ ಮತ್ತು ಚಿಕ್ಕತ್ತೆ ಒಟ್ಟಿಗೆ ಉಲಿದ ಸದ್ದು. ಆಮೇಲೆ ಚಿಕ್ಕತ್ತೆ ಒಂದು ಪಿಂಗಾಣಿ ಬಟ್ಟಲು ತಂದು ನನ್ನ ಮುಂದಿಟ್ಟು ಮಂಡಿಯೂರಿದರು. ಮೇಲೆ ಶುಭ್ರವಾದ ಬಟ್ಟೆ ಮುಚ್ಚಿತ್ತು. ಏನೋ ತಿಂಡಿ ಎಂದು ತೆಗೆದೆ. ಒಳಗೆ ನನ್ನ ಗಾಲಿಗಳ ಸೀಸ, ಮೊದಲಿನಿಂದ ತೆಗೆದದ್ದೆಲ್ಲ, ಬೂದಿಯಲ್ಲಿ ಬೆಳಗಿ ಫಳಫಳ ಅನ್ನುವ ಹಾಗೆ.

"ಅಳಿಯಂದ್ರೇ, ಅಕ್ಕ ಹೇಳಿ ಕಳಿಸಿದಾಳೆ. ನೀವು ಪ್ರೀತಿಯಿಂದ ಕೊಟ್ಟಿದ್ದನ್ನ ವಾಪಸು ಕೊಡೋಕೆ ಅವಳಿಗೆ ನಾಚಿಕೆಯಂತೆ. ಬಲೆಗೆ ಆಗಿಬರಲಿಲ್ಲ ಅಂತ. ಬೇಜಾರು ಮಾಡ್ಕೋಬಾರ್ದು."

"ಪರವಾಗಿಲ್ಲ ಅನ್ನಿ," ಅಂದೆ. ಇನ್ನೂ ಏನೋ ದೊಡ್ಡ ಮಾತು ಬಾಯಿಗೆ ಬಂತು. ಹಲ್ಲು ಕಚ್ಚಿ ಒಳಗೇ ಹಿಡಿದುಕೊಂಡೆ.

ಪೆರೆಸ್ ಕಾರಿನ ಬಾಗಿಲಲ್ಲಿ ತುಂಬ ಹೊತ್ತು ನಿಂತಳು. ಹತ್ತಲೋ ಬೇಡವೋ ಅಂತ. ಒಗುಯಾ ಮುಂದಿನ ಸೀಟಿನಿಂದ ತಿರುಗಿ, "ಉಸೆಂಗೆಯ ಮಗಳೇ," ಅಂದರು, "ನಡುಗಿದ್ರೆ ಹೇಳು, ಇಳಿದು ನಾನು ತಳ್ಕೊಂಡು ಬರ್ತೀನಿ." ಅವಳು ನಕ್ಕು ಹತ್ತಿದಳು. ಅವಳು ನಕ್ಕಿದ್ದನ್ನು ನಾನು ಮೂರು ತಿಂಗಳಿಂದ ನೋಡಿರಲಿಲ್ಲ. ಬೊಂಡೊ ದಾಟಿ ಮುಳ್ಳು ತೊಂಬತ್ತಕ್ಕೆ ಬಂದಾಗ ನಾನು ಉಸಿರು ಬಿಗಿಹಿಡಿದೆ. ತೊಂಬತ್ತೈದು. ನೂರು. ಪಕ್ಕದಲ್ಲಿ ಒಗುಯಾ ಆರು ಹಲ್ಲು ಹಾಕಿಕೊಂಡು ಕೂತಿದ್ದರು. ಒಂದು ಕಿಟಿಕ್ ಕೂಡ ಇಲ್ಲ. ಕನ್ನಡಿಯಲ್ಲಿ ನೋಡಿದರೆ ಪೆರೆಸ್ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದಳು.

ಮಾರನೆಯ ದಿನ ಎಲ್ಡೊರೆಟ್ಟಿಗೆ ಹೋಗುವಾಗ ಕಪ್ಸಾಬೆಟ್ಟಿನ ಚಹಾತೋಟದ ಏರಿಯಲ್ಲೂ ಹಾಗೇ. ಡಾಕ್ಟರು ಬೆನ್ನು ಒತ್ತಿ, ತಟ್ಟಿ, ಬಗ್ಗಿಸಿ, "ಬೆಲ್ಟು ಮನೇಲಿ ಮೊಳೆಗೆ ನೇತುಹಾಕಿ," ಅಂದರು. "ಮಿಷನ್ನು ಮುಂದಿನ ತಿಂಗಳಿಂದ, ದಿನಕ್ಕೆ ಒಂದೇ ಗಂಟೆ. ಏನ್ರೀ, ಕಾರು ಬದಲಾಯಿಸಿದ್ರಾ?"

ನಾನು ಕೃತಜ್ಞತೆ ಹೇಳುವುದರಲ್ಲಿ ಶುದ್ಧ ದಡ್ಡ. ದೊಡ್ಡ ಮಾತಿನಿಂದ ಏನಾಗುತ್ತದೆ ಎಂದು ಈಗ ಗೊತ್ತಾದ್ದರಿಂದ ಮತ್ತೂ ದಡ್ಡ. ಮುಂದಿನ ತಿಂಗಳು ಪೆರೆಸ್ ಮಿಷನ್ನಿನ ಮುಂದೆ ಕೂತು ಮೊದಲು ಹೊಲಿದದ್ದು ಒಂದು ಅಂಗಿ. ಎದೆಯ ಮೇಲೆ ಗುಂಡಿ ಹಾಕುವ ಒಂದು ಸಣ್ಣ ಜೇಬು, ಆರು ಹಲ್ಲು ಹಿಡಿಯುವಷ್ಟು. ಅದನ್ನು ತೆಗೆದುಕೊಂಡು ಇಬ್ಬರೂ ಕಿಸಿಯಾನಿಗೆ ಹೋದೆವು. ದಾರಿಯಲ್ಲಿ ಭಾಷಣ ತಯಾರು ಮಾಡಿಕೊಂಡಿದ್ದೆ. ಮರದ ಕೆಳಗೆ ನಿಂತಾಗ ಬಾಯಿಂದ ಬಂದದ್ದು, "ಯಜಮಾನ್ರೇ, ಅಂಗಿ," ಅಷ್ಟೇ.

ಒಗುಯಾ ಅಂಗಿಯನ್ನು ಮಗುಚಿ ಒಳಗಿನ ಹೊಲಿಗೆ ನೋಡಿದರು. "ಒಳಗಡೇನೂ ಚೆನ್ನಾಗಿದೆ," ಅಂದರು. ತಾವು ಕೂತಿದ್ದ ಬೆಂಚನ್ನು ಬಿಟ್ಟುಕೊಟ್ಟು ಪೆರೆಸಳನ್ನು ಕೂರಿಸಿದರು. ಅವಳು ಬೆನ್ನು ನೆಟ್ಟಗೆ ಮಾಡಿ ಕೂತಳು. ಯಾವ ಬೆಲ್ಟೂ ಇಲ್ಲದೆ.

ಕಾರು ಸರಿಹೋದಂದಿನಿಂದ ನಾನು ಉತ್ತರಿಸದೆ ತಪ್ಪಿಸಿಕೊಂಡು ತಿರುಗಿದ್ದ ಪ್ರಶ್ನೆಯನ್ನು ಅವಳು ಅಲ್ಲಿ ಕೇಳಿದಳು.

"ಅಪ್ಪಾ, ಇವರನ್ನ ಕೇಳಿದ್ರೆ ಏನೇನೋ ತೊದಲ್ತಾರೆ. ನೀವು ಹೇಳಿ. ನಮ್ಮ ಗಾಡಿಗೆ ನಿಜವಾಗ್ಲೂ ಏನಾಗಿತ್ತು?"

ನನ್ನ ಎದೆ ತೊಂಬತ್ತೈದಕ್ಕೆ ಏರಿತು. ಒಗುಯಾ ಹೊಸ ಅಂಗಿಯನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡರು. ನನ್ನ ಕಡೆ ಒಂದು ಸಲ, ಗಾಲಿ ಬಡಿದು ಸದ್ದು ಕೇಳುವವರ ಹಾಗೆ ನೋಡಿದರು.

"ಗಾಡಿಗೇನೂ ಆಗಿರ್ಲಿಲ್ಲ ಮಗಳೇ," ಅಂದರು. "ನಿನ್ನ ಗಂಡ ತುಂಬ ಒಳ್ಳೆ ಅಳಿಯ. ಅದಕ್ಕೆ ನನ್ನ ಹತ್ರ ರಿಪೇರಿ ಇಲ್ಲ."